ಸರೋವರಗಳಲ್ಲಿ ಗಾಳಗಾರರು ಮತ್ತು ದೋಣಿ ವಿಹಾರಿಗಳ ಸಂಘರ್ಷ

ಸರೋವರಗಳಲ್ಲಿ ಗಾಳಗಾರರು ಮತ್ತು ದೋಣಿ ವಿಹಾರಿಗಳ ಸಂಘರ್ಷ ಎಂಬುದು ಒಂದೇ ಸಾರ್ವಜನಿಕ ಜಲರಾಶಿಯನ್ನು ಹಂಚಿಕೊಳ್ಳುವ ಹವ್ಯಾಸಿ ಮೀನುಗಾರರಿಗೂ ವೇಗದ ಮೋಟಾರು ದೋಣಿಗಳನ್ನು ಓಡಿಸುವವರಿಗೂ ನಡುವೆ ಉಂಟಾಗುವ ವಿವಾದ. ದೋಣಿಗಳು ಎಬ್ಬಿಸುವ ಅಲೆ, ಯಂತ್ರದ ಸದ್ದು, ಗಾಳದ ದಾರಕ್ಕೆ ತೀರ ಹತ್ತಿರದಲ್ಲಿ ಹಾದುಹೋಗುವುದು ಮತ್ತು ಮೀನುಗಳು ಮೊಟ್ಟೆಯಿಡುವ ತಗ್ಗು ನೀರನ್ನು ಕದಡುವುದು ಈ ವಿವಾದದ ಮುಖ್ಯ ಕಾರಣಗಳು. ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ, ವಿಸ್ಕಾನ್ಸಿನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿಯೂ ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿಯೂ ಈ ಬಗೆಯ ವಿವಾದಗಳು ಕಾನೂನು ರಚನೆಯ ಹಂತವನ್ನು ಮುಟ್ಟಿವೆ.

ಈ ಸಂಘರ್ಷದ ವಿಶೇಷವೆಂದರೆ ಅದರ ಅಸಮತೋಲನ. ವೇಗದ ದೋಣಿಯಿಂದ ಗಾಳಗಾರನಿಗೆ ತೊಂದರೆಯಾಗುತ್ತದೆ. ಗಾಳಗಾರನಿಂದ ದೋಣಿ ನಡೆಸುವವನಿಗೆ ಆಗುವ ತೊಂದರೆ ಸಾಮಾನ್ಯವಾಗಿ ಅತ್ಯಲ್ಪ. ಆದಕಾರಣ ಒಬ್ಬರಿಗೆ ತೀವ್ರವಾಗಿ ತೋರುವ ಸಮಸ್ಯೆ ಇನ್ನೊಬ್ಬರ ಗಮನಕ್ಕೇ ಬಾರದೆ ಹೋಗುವುದುಂಟು.

ಹಿನ್ನೆಲೆ

ಗಾಳದ ಮೀನುಗಾರಿಕೆಯನ್ನು ಮೌನ ಮತ್ತು ತಾಳ್ಮೆಯ ಹವ್ಯಾಸವೆಂದು ಕಾಣುವ ಪರಂಪರೆ ಹಳೆಯದು. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ 'ದಿ ಕಂಪ್ಲೀಟ್ ಆ್ಯಂಗ್ಲರ್' ಕೃತಿಯು ಈ ಪರಂಪರೆಯ ಆಧಾರಗ್ರಂಥವೆಂದು ಪರಿಗಣಿತವಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಸರೋವರದಲ್ಲಿ ಮೀನು ಹಿಡಿಯುವವರೂ ವಿಹರಿಸುವವರೂ ಹೆಚ್ಚಾಗಿ ಹುಟ್ಟು ಹಾಕುವ ಅಥವಾ ಹಾಯಿ ಕಟ್ಟಿದ ದೋಣಿಗಳನ್ನೇ ಬಳಸುತ್ತಿದ್ದುದರಿಂದ ಇಬ್ಬರ ವೇಗದಲ್ಲಿ ದೊಡ್ಡ ಅಂತರವಿರಲಿಲ್ಲ.

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರು ಈ ಸ್ಥಿತಿಯನ್ನು ಬದಲಿಸಿತು. ನಾರ್ವೆಯಲ್ಲಿ ಜನಿಸಿ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರ ಸುಮಾರಿಗೆ ಮಿಲ್ವಾಕಿ ನಗರದಲ್ಲಿ ಇಂತಹ ಮೋಟಾರುಗಳ ತಯಾರಿಕೆ ಮತ್ತು ಮಾರಾಟವನ್ನು ಆರಂಭಿಸಿದನು. ಬೇಸಗೆಯ ಒಂದು ದಿನ ತನ್ನ ಭಾವಿ ಪತ್ನಿಗಾಗಿ ಐಸ್‌ಕ್ರೀಮ್ ತರಲು ಸರೋವರದಲ್ಲಿ ಹುಟ್ಟು ಹಾಕುತ್ತ ಹೋಗಿ ಮರಳುವಷ್ಟರಲ್ಲಿ ಅದು ಕರಗಿಹೋದುದೇ ಈ ಮೋಟಾರಿಗೆ ಪ್ರೇರಣೆಯಾಯಿತೆಂಬ ಕಥೆ ಜನಪ್ರಿಯವಾಗಿದೆ. ದೂರದ ಮೀನುತಾಣಗಳಿಗೆ ಬೇಗನೆ ತಲುಪಬಹುದಾದ್ದರಿಂದ ಈ ಮೋಟಾರನ್ನು ಗಾಳಗಾರರೂ ಉತ್ಸಾಹದಿಂದ ಸ್ವೀಕರಿಸಿದರು.

ಅನಂತರದ ದಶಕಗಳಲ್ಲಿ ವೇಗವನ್ನೇ ಗುರಿಯಾಗಿಸಿಕೊಂಡ ಜಲಕ್ರೀಡೆಗಳು ಬೆಳೆದವು. 1922ರಲ್ಲಿ ಮಿನ್ನೆಸೋಟದ ಲೇಕ್ ಸಿಟಿಯ ಯುವಕ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಪೆಪಿನ್ ಸರೋವರದಲ್ಲಿ ಮೊದಲ ಬಾರಿಗೆ ವಾಟರ್ ಸ್ಕೀಯಿಂಗ್ ಮಾಡಿ ತೋರಿಸಿದನು. 1970ರ ದಶಕದಲ್ಲಿ ಜಪಾನಿನ ಕವಾಸಕಿ ಕಂಪನಿಯು 'ಜೆಟ್ ಸ್ಕೀ' ಎಂಬ ಹೆಸರಿನ ಒಬ್ಬರು ನಡೆಸುವ ಜಲವಾಹನವನ್ನು ಮಾರುಕಟ್ಟೆಗೆ ತಂದಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ದೊಡ್ಡ ಅಲೆಯನ್ನು ಉದ್ದೇಶಪೂರ್ವಕವಾಗಿ ಎಬ್ಬಿಸಿ ಅದರ ಮೇಲೆ ಹಲಗೆಯಲ್ಲಿ ಜಾರುವ ವೇಕ್ ಸರ್ಫಿಂಗ್ ಕ್ರೀಡೆ ಜನಪ್ರಿಯವಾಯಿತು. ಹಿಂದಿನ ದೋಣಿಗಳಲ್ಲಿ ಅಲೆಯು ವೇಗದ ಉಪಫಲವಾಗಿತ್ತು. ಈ ಕ್ರೀಡೆಯಲ್ಲಿ ಅಲೆಯೇ ಗುರಿಯಾಗಿದೆ. ವಿವಾದ ಇತ್ತೀಚಿನ ವರ್ಷಗಳಲ್ಲಿ ತೀವ್ರಗೊಳ್ಳಲು ಇದು ಒಂದು ಪ್ರಮುಖ ಕಾರಣ.

ಸಂಘರ್ಷದ ಸ್ವರೂಪ

ಗಾಳಗಾರರು ಸಾಮಾನ್ಯವಾಗಿ ಹೇಳುವ ದೂರುಗಳನ್ನು ಹೀಗೆ ವಿಂಗಡಿಸಬಹುದು:

* ಲಂಗರು ಹಾಕಿ ನಿಂತ ಚಿಕ್ಕ ದೋಣಿಯ ಸಮೀಪದಲ್ಲಿ ವೇಗವಾಗಿ ಹಾದುಹೋಗುವುದು. ಇದರಿಂದ ಚಿಕ್ಕ ದೋಣಿ ಹೊಯ್ದಾಡಿ ನಿಂತವರು ಬೀಳುವ, ನೀರು ಒಳನುಗ್ಗುವ ಅಪಾಯವಿದೆ.
* ಗಾಳಗಾರನಿಗೂ ಅವನು ಎರೆ ಎಸೆದಿರುವ ದಡಕ್ಕೂ ನಡುವಿನಿಂದ ನುಗ್ಗುವುದು.
* ಚಲಿಸುವ ದೋಣಿಯಿಂದ ಉದ್ದನೆಯ ದಾರವನ್ನು ಎಳೆಯುತ್ತ ಮೀನು ಹಿಡಿಯುವ ಟ್ರೋಲಿಂಗ್ ವಿಧಾನದಲ್ಲಿ ದೋಣಿಯ ಹಿಂದೆ ಚಾಚಿರುವ ದಾರವನ್ನು ಕತ್ತರಿಸಿಕೊಂಡು ಹೋಗುವುದು.
* ಜೆಟ್ ಸ್ಕೀ ಅಥವಾ ಸ್ಕೀ ದೋಣಿಯು ಒಂದೇ ಕೊಲ್ಲಿಯಲ್ಲಿ ಗಂಟೆಗಟ್ಟಲೆ ಸುತ್ತು ಹಾಕುವುದು.
* ಬೆಳಗಿನ ಜಾವ ಮತ್ತು ಸಂಜೆಯ ಹೊತ್ತಿನಲ್ಲಿ ಯಂತ್ರದ ಸದ್ದು ಹಾಗೂ ಜೋರಾದ ಸಂಗೀತ.

ದೋಣಿ ವಿಹಾರಿಗಳಿಗೂ ದೂರುಗಳಿವೆ. ಕೆಲವು ಗಾಳಗಾರರು ಕಿರಿದಾದ ಸಂಚಾರ ಮಾರ್ಗದ ನಡುವೆ ಅಥವಾ ದೋಣಿ ಇಳಿಸುವ ಇಳಿಜಾರಿನ ಎದುರಿನಲ್ಲಿ ಲಂಗರು ಹಾಕುತ್ತಾರೆ. ಕಟ್ಟಿನಿಲ್ಲಿಸಿದ ದೋಣಿಗಳ ನಡುವೆ ಗಾಳ ಎಸೆದು ಕೊಕ್ಕೆಗಳನ್ನು ಹೊದಿಕೆಗಳಿಗೆ ಸಿಕ್ಕಿಸುತ್ತಾರೆ. ರಾತ್ರಿ ದೀಪವಿಲ್ಲದೆ ನಿಲ್ಲುತ್ತಾರೆ. ಹಾದುಹೋಗುವ ದೋಣಿಯತ್ತ ಸಿಟ್ಟಿನಿಂದ ಸೀಸದ ತೂಕವನ್ನೋ ಗಾಳವನ್ನೋ ಎಸೆಯುವುದು ಅಪರಾಧವೂ ಅಪಾಯಕಾರಿಯೂ ಆದ ವರ್ತನೆ.

ಗಾಳಗಾರರು ಮತ್ತು ವೇಗದ ದೋಣಿಗಾರರು ಯಾವಾಗಲೂ ಬೇರೆ ಬೇರೆ ಜನರಲ್ಲ ಎಂಬುದೂ ಗಮನಾರ್ಹ. ಬಾಸ್ ಮೀನಿನ ಸ್ಪರ್ಧೆಗಳಲ್ಲಿ ಬಳಸುವ ದೋಣಿಗಳು ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಬಲ್ಲವು. ಸ್ಪರ್ಧೆಯ ದಿನ ಮುಂಜಾನೆ ಇಂತಹ ಹತ್ತಾರು ದೋಣಿಗಳು ಸಾಲಾಗಿ ಹೊರಡುವಾಗ, ದಡದ ನಿವಾಸಿಗಳಿಗೂ ಚಿಕ್ಕ ದೋಣಿಯ ಗಾಳಗಾರರಿಗೂ ತೊಂದರೆ ಕೊಡುವವರು ಗಾಳಗಾರರೇ ಆಗಿರುತ್ತಾರೆ. ವಿವಾದವು ಮೀನು ಹಿಡಿಯುವವರು ಮತ್ತು ಹಿಡಿಯದವರ ನಡುವೆ ಇರುವುದಕ್ಕಿಂತ ಹೆಚ್ಚಾಗಿ ನಿಶ್ಚಲ ನೀರನ್ನು ಬಯಸುವವರು ಮತ್ತು ಅದನ್ನು ಕಲಕುವವರ ನಡುವೆ ಇದೆ.

ದೋಣಿಯ ಅಲೆ

ದೋಣಿ ಚಲಿಸುವಾಗ ನೀರನ್ನು ತಳ್ಳುವುದರಿಂದ ಅದರ ಹಿಂದೆ ಅಲೆಗಳು ಹರಡುತ್ತವೆ. ಅಲೆಯ ಎತ್ತರವು ದೋಣಿಯ ತೂಕ, ತಳದ ಆಕಾರ, ವೇಗ ಹಾಗೂ ನೀರಿನ ಆಳವನ್ನು ಅವಲಂಬಿಸಿದೆ. ಅಲೆಯ ಶಕ್ತಿಯು ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎತ್ತರ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ.

ವೇಗದ ಆಧಾರದ ಮೇಲೆ ದೋಣಿಯ ಚಲನೆಯನ್ನು ಮೂರು ಹಂತಗಳಾಗಿ ವಿಂಗಡಿಸಲಾಗುತ್ತದೆ. ಅತಿ ನಿಧಾನವಾಗಿ ಸಾಗುವಾಗ ದೋಣಿ ನೀರಿನಲ್ಲಿ ಮಟ್ಟವಾಗಿ ಕುಳಿತಿದ್ದು ಅಲೆ ಬಹುಮಟ್ಟಿಗೆ ಇರುವುದಿಲ್ಲ. ವೇಗ ಹೆಚ್ಚಿದಂತೆ ಮೂತಿ ಮೇಲೆದ್ದು ಹಿಂಭಾಗ ನೀರಿನಲ್ಲಿ ಇಳಿಯುತ್ತದೆ. ಅತಿ ದೊಡ್ಡ ಅಲೆ ಏಳುವುದು ಈ ನಡುವಣ ಹಂತದಲ್ಲಿಯೇ. ವೇಗ ಇನ್ನೂ ಹೆಚ್ಚಾದಾಗ ದೋಣಿಯು ನೀರಿನ ಮೇಲ್ಮೈಗೆ ಏರಿ ಜಾರತೊಡಗುತ್ತದೆ ಮತ್ತು ಅಲೆ ಮತ್ತೆ ಚಿಕ್ಕದಾಗುತ್ತದೆ.

ಸದುದ್ದೇಶದ ದೋಣಿಗಾರರೂ ತಪ್ಪು ಮಾಡುವುದಕ್ಕೆ ಈ ಭೌತಿಕ ಗುಣವೇ ಕಾರಣ. ಗಾಳಗಾರನನ್ನು ಕಂಡು ಸೌಜನ್ಯಕ್ಕಾಗಿ ವೇಗವನ್ನು ಅರ್ಧಕ್ಕೆ ಇಳಿಸಿದಾಗ ದೋಣಿ ಮೂರನೆಯ ಹಂತದಿಂದ ಎರಡನೆಯ ಹಂತಕ್ಕೆ ಬಂದು, ಮೊದಲಿಗಿಂತ ದೊಡ್ಡ ಅಲೆಯನ್ನು ಎಬ್ಬಿಸುತ್ತದೆ. ಆದ್ದರಿಂದ ವೇಗವನ್ನು ಸಾಕಷ್ಟು ದೂರದಲ್ಲಿಯೇ ಪೂರ್ತಿಯಾಗಿ ಇಳಿಸುವುದು, ಇಲ್ಲವೇ ದೂರವನ್ನು ಹೆಚ್ಚಿಸಿಕೊಂಡು ಸುತ್ತಿಹೋಗುವುದು ಸರಿಯಾದ ಕ್ರಮ.

ವೇಕ್ ಸರ್ಫಿಂಗ್ ದೋಣಿಗಳು ತಮ್ಮೊಳಗಿನ ಬ್ಯಾಲಾಸ್ಟ್ ತೊಟ್ಟಿಗಳಿಗೆ ಸರೋವರದ ನೀರನ್ನೇ ತುಂಬಿಕೊಂಡು ತೂಕವನ್ನು ಹೆಚ್ಚಿಸಿಕೊಳ್ಳುತ್ತವೆ ಮತ್ತು ಬೇಕೆಂದೇ ಎರಡನೆಯ ಹಂತದ ವೇಗದಲ್ಲಿ ಚಲಿಸುತ್ತವೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೊನಿ ಫಾಲ್ಸ್ ಪ್ರಯೋಗಾಲಯವು ನಾಲ್ಕು ದೋಣಿಗಳನ್ನು ಸರೋವರದಲ್ಲಿ ಓಡಿಸಿ ನಡೆಸಿದ ಅಳತೆಗಳ ವರದಿಯನ್ನು 2022ರಲ್ಲಿ ಪ್ರಕಟಿಸಿತು. ಸಾಮಾನ್ಯ ದೋಣಿಯ ಅಲೆಯು 200 ಅಡಿ ದೂರದಲ್ಲಿ ತಗ್ಗುವ ಮಟ್ಟಕ್ಕೆ ಸರ್ಫಿಂಗ್ ಸ್ಥಿತಿಯಲ್ಲಿರುವ ದೋಣಿಯ ಅಲೆ ತಗ್ಗಬೇಕಾದರೆ 500 ಅಡಿಗೂ ಹೆಚ್ಚಿನ ದೂರ ಬೇಕೆಂದು ಆ ವರದಿ ತಿಳಿಸಿತು. ಅಂದರೆ ಹಳೆಯ ದೋಣಿಗಳನ್ನು ಗಮನದಲ್ಲಿಟ್ಟು ರೂಪಿಸಿದ ಅಂತರದ ನಿಯಮಗಳು ಹೊಸ ದೋಣಿಗಳಿಗೆ ಸಾಲುವುದಿಲ್ಲ.

ಮೀನು ಮತ್ತು ಪರಿಸರದ ಮೇಲಿನ ಪರಿಣಾಮ

ನೀರಿನಲ್ಲಿ ಶಬ್ದವು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಮೀನುಗಳು ಒಳಕಿವಿಯಿಂದ ಶಬ್ದವನ್ನೂ ಪಾರ್ಶ್ವರೇಖೆ ಎಂಬ ಅಂಗದಿಂದ ನೀರಿನ ಚಲನೆಯನ್ನೂ ಗ್ರಹಿಸುತ್ತವೆ. ಕೆನಡಾದ ಸಂಶೋಧಕರಾದ ಗ್ರಹಾಂ ಮತ್ತು ಕುಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಲಾರ್ಜ್‌ಮೌತ್ ಬಾಸ್ ಮೀನುಗಳ ಹೃದಯದ ಕ್ರಿಯೆಯನ್ನು ಅಳೆಯಲಾಯಿತು. ಹುಟ್ಟಿನ ಸದ್ದು, ವಿದ್ಯುತ್ ಮೋಟಾರಿನ ಸದ್ದು ಮತ್ತು ಇಂಧನ ಎಂಜಿನ್ನಿನ ಸದ್ದು ಮೂರಕ್ಕೂ ಮೀನಿನ ಹೃದಯ ಬಡಿತ ಏರಿತು. ಸಹಜ ಸ್ಥಿತಿಗೆ ಮರಳಲು ಹುಟ್ಟಿನ ಸದ್ದಿನ ನಂತರ ಸುಮಾರು 15 ನಿಮಿಷ, ವಿದ್ಯುತ್ ಮೋಟಾರಿನ ನಂತರ 25 ನಿಮಿಷ ಮತ್ತು ಎಂಜಿನ್ನಿನ ನಂತರ 40 ನಿಮಿಷ ಬೇಕಾಯಿತು. ಗಾಳಗಾರರ ಸ್ವಂತ ದೋಣಿಗಳೂ ಮೀನಿಗೆ ಒತ್ತಡವನ್ನು ಉಂಟುಮಾಡುತ್ತವೆ ಎಂಬುದು ಈ ಅಧ್ಯಯನದಿಂದ ಕಂಡುಬರುತ್ತದೆ.

ವಸಂತದಲ್ಲಿ ಬಾಸ್ ಮತ್ತು ಸನ್‌ಫಿಶ್ ಜಾತಿಯ ಗಂಡು ಮೀನುಗಳು ದಡದ ಬಳಿಯ ತಗ್ಗು ನೀರಿನಲ್ಲಿ ತಳವನ್ನು ಗುಡಿಸಿ ಗೂಡು ಮಾಡಿ, ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತವೆ. ಕಾವಲಿನ ಮೀನು ಗೂಡನ್ನು ಬಿಟ್ಟು ಓಡಿದರೆ ಸುತ್ತ ಕಾದಿರುವ ಚಿಕ್ಕ ಮೀನುಗಳು ಕೆಲವೇ ನಿಮಿಷಗಳಲ್ಲಿ ಮೊಟ್ಟೆಗಳನ್ನು ತಿನ್ನಬಲ್ಲವು. ಗೂಡಿನ ಮೇಲೆಯೇ ಹಾದುಹೋಗುವ ದೋಣಿಯೂ ಗೂಡಿನ ಮೇಲೆ ಕುಳಿತ ಮೀನನ್ನೇ ಗುರಿಯಾಗಿಸಿ ಗಾಳ ಹಾಕುವವನೂ ಇಲ್ಲಿ ಸಮಾನವಾಗಿ ಹಾನಿ ಮಾಡಬಹುದು.

ತಗ್ಗು ನೀರಿನಲ್ಲಿ ದೋಣಿಯ ಚಕ್ರವು ತಳದ ಕೆಸರನ್ನು ಮೇಲೆಬ್ಬಿಸುತ್ತದೆ. ಕೆಸರಿನೊಂದಿಗೆ ರಂಜಕವೂ ನೀರಿಗೆ ಸೇರಿ ಪಾಚಿಯ ಬೆಳವಣಿಗೆಗೆ ನೆರವಾಗಬಹುದು. ನೀರೊಳಗಿನ ಸಸ್ಯಗಳು ಕಿತ್ತುಹೋದರೆ ಮರಿಮೀನುಗಳ ಆಶ್ರಯ ಕಡಿಮೆಯಾಗುತ್ತದೆ. ದೊಡ್ಡ ಅಲೆಗಳು ಮೆದುಮಣ್ಣಿನ ದಡವನ್ನು ಕೊರೆಯುತ್ತವೆ. ಇವೆಲ್ಲ ಪರಿಣಾಮಗಳ ಪ್ರಮಾಣವು ಸರೋವರದ ಆಳ, ವಿಸ್ತಾರ ಮತ್ತು ತಳದ ಮಣ್ಣಿನ ಗುಣಕ್ಕೆ ಅನುಗುಣವಾಗಿ ಬದಲಾಗುತ್ತದೆ. ಗಾಳಿಗೆ ತೆರೆದಿರುವ ವಿಶಾಲ ಸರೋವರಗಳಲ್ಲಿ ಸಹಜ ಅಲೆಗಳೇ ದೊಡ್ಡದಾಗಿರುವುದರಿಂದ ದೋಣಿಗಳ ಪಾಲು ಕಡಿಮೆ. ಚಿಕ್ಕ, ಆಳವಿಲ್ಲದ ಸರೋವರಗಳಲ್ಲಿ ಅದು ಹೆಚ್ಚು.

ಸಾಮಾಜಿಕ ವಿಶ್ಲೇಷಣೆ

ಹೊರಾಂಗಣ ವಿನೋದಗಳ ಕುರಿತ ಸಮಾಜವಿಜ್ಞಾನದಲ್ಲಿ ಇಂತಹ ವಿವಾದಗಳನ್ನು ಪ್ರತ್ಯೇಕ ವಿಷಯವಾಗಿ ಅಧ್ಯಯನ ಮಾಡಲಾಗಿದೆ. ಜೇಕಬ್ ಮತ್ತು ಶ್ರೇಯರ್ 1980ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಬ್ಬನ ಗುರಿಗೆ ಇನ್ನೊಬ್ಬನ ವರ್ತನೆ ಅಡ್ಡಿಯಾದಾಗ ಸಂಘರ್ಷ ಹುಟ್ಟುತ್ತದೆ. ಅವರು ಅದಕ್ಕೆ ನಾಲ್ಕು ಕಾರಣಗಳನ್ನು ಗುರುತಿಸಿದರು: ಹವ್ಯಾಸದಲ್ಲಿ ವ್ಯಕ್ತಿ ಎಷ್ಟು ತೊಡಗಿಕೊಂಡಿದ್ದಾನೆ ಎಂಬುದು, ನಿರ್ದಿಷ್ಟ ಸ್ಥಳದೊಂದಿಗೆ ಅವನಿಗಿರುವ ಬಾಂಧವ್ಯ, ಪರಿಸರವನ್ನು ಅವನು ಅನುಭವಿಸುವ ರೀತಿ ಮತ್ತು ಬೇರೆ ಜೀವನಶೈಲಿಗಳ ಬಗೆಗಿನ ಸಹನೆ. ಗಾಳಗಾರನು ಒಂದು ಕೊಲ್ಲಿಯ ಪ್ರತಿಯೊಂದು ಬಂಡೆಯನ್ನೂ ಬಲ್ಲವನಾಗಿದ್ದು ಅಲ್ಲಿನ ಸಣ್ಣ ಬದಲಾವಣೆಯನ್ನೂ ಗಮನಿಸುತ್ತಾನೆ. ವೇಗವಾಗಿ ಸಾಗುವವನಿಗೆ ಅದೇ ಕೊಲ್ಲಿ ತೆರೆದ ನೀರಿನ ಒಂದು ಭಾಗ ಮಾತ್ರ.

ಸಂಘರ್ಷದ ಅಸಮತೋಲನವನ್ನು ಮೊದಲಿಗೆ ದಾಖಲಿಸಿದವರಲ್ಲಿ ರಾಬರ್ಟ್ ಲ್ಯೂಕಸ್ ಪ್ರಮುಖರು. ಮಿನ್ನೆಸೋಟದ ಉತ್ತರ ಗಡಿಯಲ್ಲಿರುವ ಬೌಂಡರಿ ವಾಟರ್ಸ್ ಸರೋವರ ಪ್ರದೇಶದಲ್ಲಿ 1960ರ ದಶಕದಲ್ಲಿ ಅವರು ನಡೆಸಿದ ಅಧ್ಯಯನದಲ್ಲಿ, ಕನೂ ದೋಣಿಗಳಲ್ಲಿ ಹುಟ್ಟು ಹಾಕುವವರು ಮೋಟಾರು ದೋಣಿಗಳನ್ನು ಇಷ್ಟಪಡಲಿಲ್ಲ. ಮೋಟಾರು ದೋಣಿಯವರಿಗೆ ಕನೂಗಳ ಬಗ್ಗೆ ಅಂತಹ ಆಕ್ಷೇಪಣೆ ಇರಲಿಲ್ಲ. ಇಲ್ಲಿ ಮೋಟಾರು ಬಳಸುತ್ತಿದ್ದವರಲ್ಲಿ ಮೀನು ಹಿಡಿಯಲು ಬಂದವರೂ ಬಹಳ ಮಂದಿ ಇದ್ದರು. 1978ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಕಾಯಿದೆಯು ಈ ಪ್ರದೇಶದಲ್ಲಿ ಮೋಟಾರುಗಳನ್ನು ಆಯ್ದ ಸರೋವರಗಳಿಗೆ ಸೀಮಿತಗೊಳಿಸಿ, ಅವುಗಳ ಸಾಮರ್ಥ್ಯಕ್ಕೆ 10 ಅಥವಾ 25 ಅಶ್ವಶಕ್ತಿಯ ಮಿತಿಯನ್ನು ವಿಧಿಸಿತು.

ಅಸಮತೋಲನದ ಮತ್ತೊಂದು ಪರಿಣಾಮ ಸ್ಥಳಾಂತರ. ತೊಂದರೆಗೊಳಗಾದವರು ದೂರು ಕೊಡುವ ಬದಲು ಬೇರೆ ಸರೋವರಕ್ಕೆ ಹೋಗುತ್ತಾರೆ, ವಾರದ ನಡುವಿನ ದಿನಗಳಲ್ಲಿ ಮಾತ್ರ ಬರುತ್ತಾರೆ, ಇಲ್ಲವೇ ಹವ್ಯಾಸವನ್ನೇ ಬಿಡುತ್ತಾರೆ. ಉಳಿದವರನ್ನು ಮಾತ್ರ ಪ್ರಶ್ನಿಸುವ ಸಮೀಕ್ಷೆಯಲ್ಲಿ ಸಂಘರ್ಷ ಕಡಿಮೆಯೆಂದು ಕಾಣುತ್ತದೆ. ಆದ್ದರಿಂದ ದೂರುಗಳಿಲ್ಲದ ಸರೋವರವು ನೆಮ್ಮದಿಯಿಂದಿರುವ ಸರೋವರವೆಂದೇ ಹೇಳಲಾಗದು. ದೂರು ಹೇಳಬೇಕಾದವರು ಅಲ್ಲಿಗೆ ಬರುವುದನ್ನೇ ನಿಲ್ಲಿಸಿರಬಹುದು.

ಕಾನೂನು

ಸಾರ್ವಜನಿಕ ಹಕ್ಕು

ಅಮೆರಿಕದಲ್ಲಿ ಸಂಚಾರಯೋಗ್ಯ ನೀರು ಸಾರ್ವಜನಿಕರ ಪರವಾಗಿ ರಾಜ್ಯದ ಪಾಲನೆಯಲ್ಲಿದೆ ಎಂಬ ಸಾರ್ವಜನಿಕ ನ್ಯಾಸ ತತ್ತ್ವವನ್ನು ಸುಪ್ರೀಂ ಕೋರ್ಟು 1892ರ ಇಲಿನಾಯ್ ಸೆಂಟ್ರಲ್ ರೈಲ್‌ರೋಡ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್‌ಗಳ ಮಟ್ಟಿಗೆ 1787ರ ವಾಯವ್ಯ ಪ್ರಾಂತ ಶಾಸನದಷ್ಟು ಹಿಂದೆಯೇ ಸಂಚಾರಯೋಗ್ಯ ಜಲಮಾರ್ಗಗಳು ಎಲ್ಲರಿಗೂ ಮುಕ್ತವೆಂಬ ನಿಯಮ ಬಂದಿತ್ತು. ಈ ತತ್ತ್ವದಡಿ ಮೀನು ಹಿಡಿಯುವವನಿಗೂ ದೋಣಿ ಓಡಿಸುವವನಿಗೂ ಸರೋವರದ ಮೇಲೆ ಹಕ್ಕಿದೆ. ವಿವಾದವು ಹಕ್ಕು ಮತ್ತು ಅತಿಕ್ರಮಣದ ನಡುವಿನದಾಗಿರದೆ ಎರಡು ಹಕ್ಕುಗಳ ನಡುವಿನದಾಗಿರುವುದೇ ತೀರ್ಮಾನವನ್ನು ಕಠಿಣಗೊಳಿಸುತ್ತದೆ.

ಸಂಚಾರ ನಿಯಮಗಳು

ಮೀನು ಹಿಡಿಯುತ್ತಿರುವ ದೋಣಿಗೆ ಬೇರೆ ಮೋಟಾರು ದೋಣಿಗಳು ದಾರಿ ಬಿಡಬೇಕೆಂಬ ನಿಯಮ ಅಮೆರಿಕದ ಒಳನಾಡು ಜಲಸಂಚಾರ ನಿಯಮಗಳಲ್ಲಿದೆ. ಆದರೆ ಬಲೆ ಅಥವಾ ಅಂತಹ ಸಲಕರಣೆಗಳಿಂದಾಗಿ ತಿರುಗುವ ಸಾಮರ್ಥ್ಯ ಕುಂಠಿತವಾಗಿರುವ ದೋಣಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಟ್ರೋಲಿಂಗ್ ದಾರ ಎಳೆಯುವ ದೋಣಿಯನ್ನು ನಿಯಮವು ಸ್ಪಷ್ಟವಾಗಿ ಹೊರಗಿಡುತ್ತದೆ. ಹವ್ಯಾಸಿ ಗಾಳಗಾರನಿಗೆ ಈ ವಿಶೇಷ ಆದ್ಯತೆ ಇದೆಯೆಂಬ ಜನಪ್ರಿಯ ನಂಬಿಕೆ ಸರಿಯಲ್ಲ. ಆದರೂ ಸುತ್ತ ಕಣ್ಣಿಡುವುದು, ಪರಿಸ್ಥಿತಿಗೆ ತಕ್ಕ ಸುರಕ್ಷಿತ ವೇಗದಲ್ಲಿ ಸಾಗುವುದು ಮತ್ತು ಡಿಕ್ಕಿಯನ್ನು ತಪ್ಪಿಸುವುದು ಎಲ್ಲ ದೋಣಿಗಾರರ ಕರ್ತವ್ಯ. ತನ್ನ ದೋಣಿಯ ಅಲೆಯಿಂದಾದ ಹಾನಿಗೆ ದೋಣಿಗಾರನು ಹೊಣೆಯಾಗುತ್ತಾನೆ. ಸೂರ್ಯಾಸ್ತದ ನಂತರ ಲಂಗರು ಹಾಕಿ ನಿಂತ ದೋಣಿಯು ಸುತ್ತಲೂ ಕಾಣುವ ಬಿಳಿಯ ದೀಪವನ್ನು ಉರಿಸಬೇಕೆಂಬುದು ಸಾಮಾನ್ಯ ನಿಯಮ.

ಅಂತರ ಮತ್ತು ವೇಗ

ಅನೇಕ ಕಡೆಗಳಲ್ಲಿ 'ಅಲೆಯಿಲ್ಲದ ನಿಧಾನ ವೇಗ' ಎಂಬ ಪರಿಕಲ್ಪನೆ ಬಳಕೆಯಲ್ಲಿದೆ. ದೋಣಿಯ ದಿಕ್ಕನ್ನು ಹಿಡಿತದಲ್ಲಿಟ್ಟುಕೊಳ್ಳಲು ಅಗತ್ಯವಾದ ಅತಿ ಕಡಿಮೆ ವೇಗ ಎಂದು ಇದರ ಅರ್ಥ. ವಿಸ್ಕಾನ್ಸಿನ್‌ನಲ್ಲಿ ಸರೋವರದ ದಡದಿಂದ 100 ಅಡಿಯೊಳಗೆ ಮೋಟಾರು ದೋಣಿಗಳೂ 200 ಅಡಿಯೊಳಗೆ ಜೆಟ್ ಸ್ಕೀಗಳೂ ಈ ವೇಗದಲ್ಲಿಯೇ ಸಾಗಬೇಕು. ಮಿನ್ನೆಸೋಟದಲ್ಲಿ ಜೆಟ್ ಸ್ಕೀಗಳು ದಡ, ಈಜುಗಾರರು, ಮೋಟಾರಿಲ್ಲದ ದೋಣಿಗಳು ಹಾಗೂ ಲಂಗರು ಹಾಕಿದ ದೋಣಿಗಳಿಂದ 150 ಅಡಿಯೊಳಗೆ ನಿಧಾನವಾಗಿ ಸಾಗಬೇಕು, ಬೆಳಿಗ್ಗೆ 9.30ಕ್ಕೆ ಮೊದಲು ಮತ್ತು ಸೂರ್ಯಾಸ್ತಕ್ಕೆ ಒಂದು ಗಂಟೆ ಇರುವಾಗಿನಿಂದ ಅವುಗಳನ್ನು ಓಡಿಸುವಂತಿಲ್ಲ. ಕೆನಡಾದ ಒಂಟೇರಿಯೊ ಮೊದಲಾದ ಪ್ರಾಂತಗಳಲ್ಲಿ ದಡದಿಂದ 30 ಮೀಟರುಗಳೊಳಗೆ ಗಂಟೆಗೆ 10 ಕಿಲೋಮೀಟರಿನ ಮಿತಿಯಿದೆ.

ಜಾರಿಯ ತೊಡಕುಗಳು

ನಿಯಮಗಳಿದ್ದರೂ ಅವುಗಳ ಜಾರಿ ಸುಲಭವಲ್ಲ. ನೀರಿನ ಮೇಲೆ ದೂರವನ್ನು ಕಣ್ಣಳತೆಯಿಂದ ನಿರ್ಧರಿಸುವುದು ಕಷ್ಟ. ದೋಣಿಯ ಮೂತಿಯ ಮೇಲೆ ಕನಿಷ್ಠ ಮೂರು ಅಂಗುಲ ಎತ್ತರದ ಅಕ್ಷರಗಳಲ್ಲಿ ನೋಂದಣಿ ಸಂಖ್ಯೆ ಇರಬೇಕಾದರೂ, ಅಲೆಯ ಹೊಡೆತದಿಂದ ಗಾಳಗಾರನು ಚೇತರಿಸಿಕೊಳ್ಳುವಷ್ಟರಲ್ಲಿ ಆ ಸಂಖ್ಯೆ ಓದಲಾಗದಷ್ಟು ದೂರ ಹೋಗಿರುತ್ತದೆ. ಮಿನ್ನೆಸೋಟದಲ್ಲಿ 10 ಎಕರೆ ಮತ್ತು ಅದಕ್ಕಿಂತ ದೊಡ್ಡದಾದ ಸರೋವರಗಳೇ 11,842 ಇವೆ. ಅವೆಲ್ಲವನ್ನೂ ಸದಾ ಕಾಯುವುದು ಸಂರಕ್ಷಣಾಧಿಕಾರಿಗಳಿಗೂ ಜಿಲ್ಲಾ ಷೆರಿಫರ ಜಲಗಸ್ತಿಗೂ ಅಸಾಧ್ಯ. ಹಲವು ರಾಜ್ಯಗಳಲ್ಲಿ ಬೇಟೆಗೂ ಮೀನುಗಾರಿಕೆಗೂ ಬೇಕೆಂದೇ ಅಡ್ಡಿಪಡಿಸುವುದು ಅಪರಾಧ. ಆದರೆ ಉದ್ದೇಶವನ್ನು ಸಾಬೀತುಪಡಿಸಬೇಕಾದ್ದರಿಂದ, ಅಜಾಗರೂಕತೆಯಿಂದ ಹಾದುಹೋದ ದೋಣಿಗಾರನ ಮೇಲೆ ಇಂತಹ ಕಾನೂನು ಹೆಚ್ಚಾಗಿ ನಿಲ್ಲುವುದಿಲ್ಲ.

ಪ್ರಮುಖ ಪ್ರಕರಣಗಳು

ವಿಂಡರ್‌ಮಿಯರ್, ಇಂಗ್ಲೆಂಡ್

ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ. ಹಿಮಯುಗದ ಕಾಲದಿಂದ ಉಳಿದುಬಂದಿರುವ ಆರ್ಕ್‌ಟಿಕ್ ಚಾರ್ ಎಂಬ ಮೀನು ಇಲ್ಲಿನ ಆಳದ ತಣ್ಣನೆಯ ನೀರಿನಲ್ಲಿದೆ. ಅದನ್ನು ಹಿಡಿಯುವ ಸ್ಥಳೀಯ ಪದ್ಧತಿಯಲ್ಲಿ, ನಿಧಾನವಾಗಿ ಹುಟ್ಟು ಹಾಕುವ ದೋಣಿಯ ಎರಡೂ ಬದಿಗಳಿಗೆ ಉದ್ದನೆಯ ಕೋಲುಗಳನ್ನು ಚಾಚಿ, ಸೀಸದ ತೂಕ ಕಟ್ಟಿದ ದಾರಗಳಲ್ಲಿ ಹೊಳೆಯುವ ಲೋಹದ ಎರೆಗಳನ್ನು ಹಲವು ಆಳಗಳಲ್ಲಿ ಇಳಿಬಿಡಲಾಗುತ್ತದೆ. ಇದೇ ಸರೋವರ ವೇಗದ ದೋಣಿಗಳಿಗೂ ಹೆಸರಾಗಿತ್ತು. ಸರ್ ಹೆನ್ರಿ ಸೀಗ್ರೇವ್ 1930ರಲ್ಲಿ ಜಲವೇಗದ ವಿಶ್ವದಾಖಲೆಯನ್ನು ಸ್ಥಾಪಿಸಿದ ದಿನವೇ ಇಲ್ಲಿ ಅಪಘಾತದಲ್ಲಿ ಮೃತಪಟ್ಟನು. ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಇದು ವಾಟರ್ ಸ್ಕೀಯಿಂಗ್‌ನ ಕೇಂದ್ರವಾಗಿತ್ತು.

ರಾಷ್ಟ್ರೀಯ ಉದ್ಯಾನದ ಆಡಳಿತವು ಗಂಟೆಗೆ 10 ಮೈಲಿಗಳ ವೇಗಮಿತಿಯನ್ನು ಪ್ರಸ್ತಾಪಿಸಿದಾಗ 1990ರ ದಶಕದ ಮಧ್ಯದಲ್ಲಿ ದೀರ್ಘ ಸಾರ್ವಜನಿಕ ವಿಚಾರಣೆ ನಡೆಯಿತು. ಸರೋವರದಲ್ಲಿ ಸಾರ್ವಜನಿಕ ಸಂಚಾರದ ಹಕ್ಕು ಇರುವುದರಿಂದ ವೇಗದ ದೋಣಿಗಳನ್ನು ಹೊರಗಿಡುವುದು ಅನ್ಯಾಯವೆಂದು ಒಂದು ಪಕ್ಷ ವಾದಿಸಿತು. ಹೆಚ್ಚಿನವರು ನೆಮ್ಮದಿಗಾಗಿ ಬರುವ ಸ್ಥಳದಲ್ಲಿ ಕೆಲವರ ವೇಗ ಎಲ್ಲರ ಅನುಭವವನ್ನೂ ಆಕ್ರಮಿಸುತ್ತದೆ ಎಂಬುದು ಇನ್ನೊಂದು ಪಕ್ಷದ ವಾದವಾಗಿತ್ತು. ಸರ್ಕಾರವು 2000ದಲ್ಲಿ ಮಿತಿಗೆ ಒಪ್ಪಿಗೆ ನೀಡಿ, ವ್ಯಾಪಾರಿಗಳು ಹೊಂದಿಕೊಳ್ಳಲೆಂದು ಐದು ವರ್ಷಗಳ ಕಾಲಾವಕಾಶ ಕೊಟ್ಟಿತು. 2005ರ ಮಾರ್ಚ್‌ನಿಂದ ಮಿತಿ ಜಾರಿಯಲ್ಲಿದೆ. ಆದರೆ ಚಾರ್ ಮೀನಿನ ಸಂಖ್ಯೆಯ ಇಳಿಕೆಗೆ ನೀರಿನ ಬಿಸಿಯೇರಿಕೆ ಮತ್ತು ಪೋಷಕಾಂಶಗಳ ಮಾಲಿನ್ಯವೂ ಕಾರಣವಾಗಿರುವುದರಿಂದ, ದೋಣಿಗಳ ನಿಯಂತ್ರಣವೊಂದೇ ಮೀನುಗಾರಿಕೆಯನ್ನು ಉಳಿಸಲಾರದು.

ಮಿನ್ನೆಟೊಂಕ, ಮಿನ್ನೆಸೋಟ

ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನ್ನೆಟೊಂಕ ಸರೋವರವು ಅನೇಕ ಕೊಲ್ಲಿಗಳಿಂದ ಕೂಡಿದ್ದು, ಸುಮಾರು 14,500 ಎಕರೆ ವಿಸ್ತಾರವಾಗಿದೆ. ದಡದಲ್ಲಿರುವ ಹಲವು ಊರುಗಳು ಬೇರೆ ಬೇರೆ ನಿಯಮಗಳನ್ನು ಮಾಡುವುದನ್ನು ತಪ್ಪಿಸಲು 1967ರಲ್ಲಿ ಮಿನ್ನೆಟೊಂಕ ಸರೋವರ ಸಂರಕ್ಷಣಾ ಜಿಲ್ಲೆ ಎಂಬ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದು ಹಗಲಿನಲ್ಲಿ ಗಂಟೆಗೆ 40 ಮೈಲಿ, ರಾತ್ರಿ 20 ಮೈಲಿಗಳ ವೇಗಮಿತಿಯನ್ನು ವಿಧಿಸಿದ್ದಲ್ಲದೆ ಕಿರಿದಾದ ಭಾಗಗಳನ್ನು ಪ್ರಶಾಂತ ಜಲವಲಯಗಳೆಂದು ಗುರುತಿಸಿದೆ. ಇಡೀ ಸರೋವರಕ್ಕೆ ಒಂದೇ ಆಡಳಿತವಿರುವ ಮಾದರಿಯಾಗಿ ಇದನ್ನು ಉದಾಹರಿಸಲಾಗುತ್ತದೆ.

ವರ್ಮಾಂಟ್

ವರ್ಮಾಂಟ್ ರಾಜ್ಯದಲ್ಲಿ ಸರೋವರಗಳ ನಿವಾಸಿಗಳು ಸಲ್ಲಿಸಿದ ಮನವಿಯ ನಂತರ 2024ರಲ್ಲಿ ವೇಕ್ ಕ್ರೀಡೆಗಳ ನಿಯಮ ಜಾರಿಗೆ ಬಂದಿತು. ಇದರಂತೆ ದಡದಿಂದ ಕನಿಷ್ಠ 500 ಅಡಿ ದೂರದಲ್ಲಿ, ಕನಿಷ್ಠ 20 ಅಡಿ ಆಳವಿರುವ, ಒಟ್ಟಾಗಿ 50 ಎಕರೆಗಿಂತ ಕಡಿಮೆಯಿಲ್ಲದ ವಲಯದಲ್ಲಿ ಮಾತ್ರ ಈ ಕ್ರೀಡೆಗೆ ಅವಕಾಶವಿದೆ. ಇಂತಹ ವಲಯವಿಲ್ಲದ ಚಿಕ್ಕ ಸರೋವರಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಬ್ಯಾಲಾಸ್ಟ್ ತೊಟ್ಟಿಗಳಲ್ಲಿ ಉಳಿದ ನೀರಿನ ಮೂಲಕ ಆಕ್ರಮಣಕಾರಿ ಜೀವಿಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಹರಡುವುದನ್ನು ತಡೆಯುವ ಅಂಶವೂ ನಿಯಮದಲ್ಲಿದೆ. ನಿಯಮವು ಅತಿಯಾಯಿತೆಂದು ದೋಣಿ ಉದ್ಯಮದವರೂ ಸಾಲದೆಂದು ಕೆಲವು ನಿವಾಸಿಗಳೂ ಟೀಕಿಸಿದ್ದಾರೆ.

ನಿರ್ವಹಣಾ ಕ್ರಮಗಳು

ಸಂಘರ್ಷವನ್ನು ತಗ್ಗಿಸಲು ಆಡಳಿತಗಳು ಬಳಸುವ ಕ್ರಮಗಳು ಮುಖ್ಯವಾಗಿ ಮೂರು ಬಗೆಯವು.

ಸ್ಥಳವಿಭಜನೆ: ಕೊಲ್ಲಿಗಳು ಮತ್ತು ಮೊಟ್ಟೆಯಿಡುವ ತಾಣಗಳನ್ನು ನಿಧಾನ ವಲಯಗಳೆಂದು ತೇಲುಗುರುತುಗಳಿಂದ ತೋರಿಸಿ, ಆಳದ ಮಧ್ಯಭಾಗವನ್ನು ವೇಗದ ಕ್ರೀಡೆಗಳಿಗೆ ಬಿಡಲಾಗುತ್ತದೆ. ಇದಕ್ಕೆ ಸರೋವರವು ಸಾಕಷ್ಟು ದೊಡ್ಡದಾಗಿರಬೇಕು.

ಕಾಲವಿಭಜನೆ: ಸಂಜೆಯಿಂದ ಮರುದಿನ ಬೆಳಗಿನವರೆಗೆ ಇಡೀ ಸರೋವರದಲ್ಲಿ ನಿಧಾನ ವೇಗವನ್ನು ಕಡ್ಡಾಯಗೊಳಿಸಲಾಗುತ್ತದೆ. ಅನೇಕ ಜಾತಿಯ ಮೀನುಗಳು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಹೆಚ್ಚು ಎರೆ ಹಿಡಿಯುತ್ತವೆ. ವಾಟರ್ ಸ್ಕೀಯಿಂಗ್ ಮಾಡುವವರು ನಡುಹಗಲಿನ ಬಿಸಿಲನ್ನು ಬಯಸುತ್ತಾರೆ. ಇಬ್ಬರ ಅಗತ್ಯಗಳೂ ಬಹುಮಟ್ಟಿಗೆ ಬೇರೆ ಬೇರೆ ಹೊತ್ತಿನವಾದ್ದರಿಂದ ಚಿಕ್ಕ ಸರೋವರಗಳಿಗೆ ಈ ಕ್ರಮ ಹೆಚ್ಚು ಒಗ್ಗುತ್ತದೆ. ಆದರೂ ಸ್ಕೀಯಿಂಗ್‌ನ ನುರಿತ ಅಭ್ಯಾಸಿಗಳು ಗಾಳಿಯಿಲ್ಲದ ಮುಂಜಾನೆಯ ನೀರನ್ನೇ ಇಷ್ಟಪಡುವುದರಿಂದ ಇದೂ ಪೂರ್ಣ ಪರಿಹಾರವಲ್ಲ.

ಶಿಕ್ಷಣ: ಅನೇಕ ರಾಜ್ಯಗಳು ಯುವ ದೋಣಿಗಾರರಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯಗೊಳಿಸಿವೆ. ತೊಂದರೆ ಕೊಡುವವನಿಗೆ ತೊಂದರೆಯ ಅರಿವೇ ಇಲ್ಲದ ಸಂದರ್ಭಗಳಲ್ಲಿ ಶಿಕ್ಷಣ ಪರಿಣಾಮಕಾರಿ. ಅರಿತೂ ಅಲಕ್ಷಿಸುವವರಿಗೆ ದಂಡನೆಯೇ ಬೇಕಾಗುತ್ತದೆ.

ಶಿಷ್ಟಾಚಾರ

ಕಾನೂನು ಹೇಳದೆ ಬಿಟ್ಟ ಅನೇಕ ಸಂಗತಿಗಳನ್ನು ದೋಣಿಗಾರರ ಮತ್ತು ಗಾಳಗಾರರ ಸಂಘಗಳು ರೂಢಿಯ ನಡವಳಿಕೆಯಾಗಿ ಬೋಧಿಸುತ್ತವೆ.

* ಗಾಳ ಹಾಕುತ್ತಿರುವ ದೋಣಿಯನ್ನು ದೂರದಿಂದ ಸುತ್ತಿಕೊಂಡು, ಅದು ದಡದತ್ತ ಮುಖ ಮಾಡಿದ್ದರೆ ನಡುನೀರಿನ ಬದಿಯಿಂದ ಹಾದುಹೋಗಬೇಕು.
* ಟ್ರೋಲಿಂಗ್ ದೋಣಿಯ ಹಿಂದೆ ತೀರ ಹತ್ತಿರದಲ್ಲಿ ದಾಟಬಾರದು.
* ಕಿರಿದಾದ ಜಾಗದಲ್ಲಿ ಬೇಗನೆ ವೇಗವನ್ನು ಪೂರ್ತಿ ಇಳಿಸಿ, ದೋಣಿ ನೀರಿನಲ್ಲಿ ಮಟ್ಟವಾದ ಮೇಲೆ ಸಾಗಬೇಕು.
* ವಾಟರ್ ಸ್ಕೀಯಿಂಗ್ ಮತ್ತು ಜೆಟ್ ಸ್ಕೀ ನಡೆಸುವವರು ಒಂದೇ ಜಾಗದಲ್ಲಿ ಸುತ್ತದೆ ಆಗಾಗ ಸ್ಥಳ ಬದಲಿಸಬೇಕು.
* ಗಾಳಗಾರರು ಸಂಚಾರ ಮಾರ್ಗದಲ್ಲಿ ಮತ್ತು ದೋಣಿ ಇಳಿಸುವ ಜಾಗದಲ್ಲಿ ಲಂಗರು ಹಾಕಬಾರದು. ದೋಣಿಕಟ್ಟೆಗಳ ಬಳಿ ಗಾಳ ಎಸೆಯುವಾಗ ಇತರರ ಸ್ವತ್ತಿಗೆ ಹಾನಿಯಾಗದಂತೆ ನೋಡಿಕೊಳ್ಳಬೇಕು.
* ಎದುರಿನವನು ದಾರವನ್ನು ಕಾಣದಿದ್ದಾಗ ಕೈಸನ್ನೆಯಿಂದ ದಾರದ ದಿಕ್ಕನ್ನು ತೋರಿಸಬೇಕು. ವಾಗ್ವಾದಕ್ಕಿಳಿಯದೆ ನೋಂದಣಿ ಸಂಖ್ಯೆ, ಸಮಯ ಮತ್ತು ಸ್ಥಳವನ್ನು ಬರೆದಿಟ್ಟುಕೊಂಡು ಅಧಿಕಾರಿಗಳಿಗೆ ತಿಳಿಸುವುದು ಉಚಿತ.

ಇವುಗಳಲ್ಲಿ ಹೆಚ್ಚಿನವು ದೋಣಿಗಾರನಿಗೆ ಕೆಲವೇ ನಿಮಿಷಗಳ ವಿಳಂಬವನ್ನು ಉಂಟುಮಾಡುತ್ತವೆ. ಅವನ್ನು ಪಾಲಿಸದಿದ್ದಲ್ಲಿ ಗಾಳಗಾರನು ಕಳೆದುಕೊಳ್ಳುವುದು ಆ ಬೆಳಗಿನ ಉಳಿದ ಹೊತ್ತನ್ನು.

ಇವನ್ನೂ ನೋಡಿ

* ಗಾಳದ ಮೀನುಗಾರಿಕೆ
* ಮೋಟಾರು ದೋಣಿ
* ವಾಟರ್ ಸ್ಕೀಯಿಂಗ್
* ಸಾರ್ವಜನಿಕ ನ್ಯಾಸ ತತ್ತ್ವ
* ಶಬ್ದ ಮಾಲಿನ್ಯ